ಕ್ರೀಮಿಗೆ ಬಗ್ಗದ ಮಚ್ಚೆ: ಚರ್ಮದ ಲಿಂಫೋಮಾ ಮತ್ತು ಜೊಯಿಡಾದ ದೂರ

ಮೈಮೇಲೊಂದು ಮಚ್ಚೆ. ಸ್ವಲ್ಪ ಕೆರೆತ, ಸ್ವಲ್ಪ ಹೊಟ್ಟು, ನೋವಿಲ್ಲ. ಜೊಯಿಡಾದಲ್ಲಿ ಇದಕ್ಕೆ ಕಾರಣ ಹುಡುಕೋದು ಕಷ್ಟವೇ ಅಲ್ಲ: ಮಳೆಗಾಲದ ತೇವಕ್ಕೆ ಬರುವ ಗಜಕರ್ಣ, ಕಾಡುಗೇರಿನ ಸೊನೆ ತಾಗಿದ ಅಲರ್ಜಿ, ಇಸುಬು, ಕಜ್ಜಿ. ಬಹುಪಾಲು ಸಲ ಅದು ಇವುಗಳಲ್ಲೇ ಒಂದಾಗಿರುತ್ತದೆ. ತೀರಾ ಅಪರೂಪಕ್ಕೆ ಮಾತ್ರ ಅದು ಕ್ಯಾನ್ಸರ್. ಆ ಅಪರೂಪದ ಬಗ್ಗೆ ಬರೆಯೋಕೆ ಕಾರಣ, ಅದನ್ನು ಮುಚ್ಚಿಡುವ ಎಲ್ಲ ಅನುಕೂಲವನ್ನೂ ನಮ್ಮ ವ್ಯವಸ್ಥೆಯೇ ಮಾಡಿಕೊಟ್ಟಿದೆ.

ಹೆಸರಿಂದಲೇ ಗೊಂದಲ ಶುರು. ಮೈಕೋಸಿಸ್ ಫಂಗಾಯ್ಡಿಸ್ ಅಂದರೆ ಯಾರಿಗಾದರೂ ಫಂಗಸ್ ಅನ್ನಿಸಬೇಕು. 1806ರಲ್ಲಿ ಫ್ರೆಂಚ್ ವೈದ್ಯ ಅಲಿಬೇರ್ ಕಂಡದ್ದು ಅಣಬೆಯಂತೆ ಎದ್ದ ಗಡ್ಡೆಗಳನ್ನು, ಆ ಹೋಲಿಕೆಯೇ ಹೆಸರಾಗಿ ಉಳಿಯಿತು. ಅಸಲಿಗೆ ಇದು ಟಿ-ಕೋಶಗಳ ಕ್ಯಾನ್ಸರ್. ಸೋಂಕಿನ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಹದ್ದು ಮೀರಿ ಚರ್ಮದಲ್ಲಿ ಠಿಕಾಣಿ ಹೂಡುತ್ತವೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಚರ್ಮದಲ್ಲಿ ಹುಟ್ಟುವ ಟಿ-ಕೋಶ ಲಿಂಫೋಮಾಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಆದರೂ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹತ್ತಕ್ಕಿಂತ ಕಡಿಮೆ ಮಂದಿಗೆ ಬರುವ ಕಾಯಿಲೆ.

ಗುರುತಿಸೋದು ಹೇಗೆ? ಬಿಸಿಲು ಕಾಣದ ಜಾಗ ಇದಕ್ಕೆ ಇಷ್ಟ: ಪೃಷ್ಠ, ತೊಡೆ, ಸೊಂಟ, ಎದೆ. ಮಚ್ಚೆಯ ಆಕಾರ, ಗಾತ್ರ, ಬಣ್ಣ ಒಂದೇ ಥರ ಇರಲ್ಲ, ಕೆಲವು ಕಡೆ ಚರ್ಮ ತೆಳುವಾಗಿ ಸುಕ್ಕುಗಟ್ಟಿದಂತೆ ಕಾಣುತ್ತದೆ. ಪುಸ್ತಕಗಳಲ್ಲಿ ಕೆಂಪು ಮಚ್ಚೆಯ ಚಿತ್ರಗಳಿವೆ, ಅವು ಬಿಳಿಯರ ಮೈಯವು. ನಮ್ಮಂಥ ಕಂದು ಚರ್ಮದಲ್ಲಿ, ಅದರಲ್ಲೂ ಮಕ್ಕಳು ಮತ್ತು ಯುವಕರಲ್ಲಿ, ಇದು ಬಿಳಿಚಿದ ಮಚ್ಚೆಯಾಗಿಯೂ ಬರುತ್ತದೆ. ಆಗ ತೊನ್ನು ಅಂತ, ಇಲ್ಲವೇ ಕುಷ್ಠ ಅಂತ ಅನುಮಾನ ಬರೋದು ಸಹಜ.

ಕುಷ್ಠಕ್ಕಾದರೆ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಚ್ಚೆ ನೋಡುತ್ತಾರೆ, ಅಲ್ಲಿ ಸ್ಪರ್ಶ ಗೊತ್ತಾಗುತ್ತಾ ಕೇಳುತ್ತಾರೆ, ಔಷಧ ಉಚಿತ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಹೋಗಿರುತ್ತದೆ, ಲಿಂಫೋಮಾದಲ್ಲಿ ಉಳಿದಿರುತ್ತದೆ. ನನ್ನ ಪ್ರಶ್ನೆ ಇರೋದು ಇಲ್ಲೇ. ಸ್ಪರ್ಶ ಇದೆ ಅಂತಾದರೆ ಆ ಮನುಷ್ಯ ಮುಂದೆ ಎಲ್ಲಿಗೆ ಹೋಗಬೇಕು? ಆರು ತಿಂಗಳಾದರೂ ಮಾಯದ ಮಚ್ಚೆಯನ್ನು ಚರ್ಮತಜ್ಞರಿಗೆ ಕಳಿಸಬೇಕು ಅನ್ನುವ ಒಂದು ಸಾಲು ಅದೇ ಸಮೀಕ್ಷೆಗೆ ಸೇರಿದರೆ ಹೊಸ ಯೋಜನೆಯೇನೂ ಬೇಕಾಗಲ್ಲ.

ಸದ್ಯಕ್ಕೆ ಅವರು ಹೋಗೋದು ಮೆಡಿಕಲ್ ಶಾಪಿಗೆ. ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಟ್ಯೂಬ್ ಸಿಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ನಿಯಮ ಎಷ್ಟು ಜಾರಿಯಲ್ಲಿದೆ ಅನ್ನೋದನ್ನು ನಿಮ್ಮೂರಿನ ಅಂಗಡಿಯಲ್ಲೇ ನೋಡಬಹುದು. ಈ ಕ್ರೀಮು ಹಚ್ಚಿದರೆ ಲಿಂಫೋಮಾದ ಮಚ್ಚೆಯೂ ಮಸುಕಾಗುತ್ತದೆ, ಬಿಟ್ಟರೆ ಮರಳುತ್ತದೆ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗಿದು ಲಾಗ್ ಫೈಲ್ ಅಳಿಸಿ ಬಗ್ ಹುಡುಕಿದ ಹಾಗೆ ಕಾಣುತ್ತೆ. ಸಾಕ್ಷಿಯೇ ಇರಲ್ಲ. ಲಕ್ಷಣ ಕಂಡು ರೋಗ ಪತ್ತೆಯಾಗೋಕೆ ಮುಂದುವರಿದ ದೇಶಗಳಲ್ಲೇ ಮೂರ್ನಾಲ್ಕು ವರ್ಷ ಹಿಡಿಯುತ್ತದೆ.

ಪತ್ತೆಗೆ ದಾರಿ ಬಯಾಪ್ಸಿ. ಮರಗಟ್ಟಿಸಿ, ನಾಲ್ಕೈದು ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ. ಶುರುವಿನ ಹಂತದಲ್ಲಿ ಸೂಕ್ಷ್ಮದರ್ಶಕದಲ್ಲೂ ಇದು ಇಸುಬಿನಂತೆಯೇ ಕಾಣಬಹುದು. ಹಾಗಾಗಿ ಎರಡು ಮೂರು ಜಾಗದಿಂದ ತುಣುಕು ಬೇಕು, ವೈದ್ಯರ ಸಲಹೆ ಮೇರೆಗೆ ಎರಡರಿಂದ ನಾಲ್ಕು ವಾರ ಕ್ರೀಮು ನಿಲ್ಲಿಸಿರಬೇಕು. ‘ಏನೂ ಇಲ್ಲ’ ಅಂತ ವರದಿ ಬಂದರೂ ಮಚ್ಚೆ ಉಳಿದರೆ ಮತ್ತೆ ಪರೀಕ್ಷೆ ಮಾಡಬೇಕು. ಕೋಶಗಳ ಗುರುತು ಹಚ್ಚುವ ಬಣ್ಣದ ಪರೀಕ್ಷೆ, ಅವೆಲ್ಲ ಒಂದೇ ಕೋಶದ ಸಂತಾನವೇ ಅಂತ ನೋಡುವ ಜೀನ್ ಪರೀಕ್ಷೆ ಆಮೇಲಿನವು. ಅನುಮಾನ ಬಗೆಹರಿಯದೆ ಸೋರಿಯಾಸಿಸ್ ಅಂತ ಸೈಕ್ಲೋಸ್ಪೊರಿನ್‌ನಂಥ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ಕೊಟ್ಟರೆ ಕ್ಯಾನ್ಸರ್ ಕೆರಳಬಹುದು.

ಲಿಂಫೋಮಾ ಅಂದಕೂಡಲೇ ಕೀಮೋ ನೆನಪಾಗುತ್ತೆ, ಗೊತ್ತಲ್ಲ. ಇಲ್ಲಿ ಹಾಗಿಲ್ಲ. ಮಚ್ಚೆ ಮೈಯ ಶೇ. 10ಕ್ಕಿಂತ ಕಡಿಮೆ ಭಾಗದಲ್ಲಿದ್ದರೆ ಆಯುಷ್ಯ ಹೆಚ್ಚುಕಮ್ಮಿ ಉಳಿದವರಷ್ಟೇ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 103 ರೋಗಿಗಳಿದ್ದರು. ಮೊದಲೇ ಕೀಮೋ, ವಿಕಿರಣ ಎರಡನ್ನೂ ಕೊಟ್ಟದ್ದರಿಂದ ಯಾರೂ ಹೆಚ್ಚು ಕಾಲ ಬದುಕಲಿಲ್ಲ. ಶುರುವಿನಲ್ಲಿ ಬೇಕಾದ್ದು ಲೆಕ್ಕದಲ್ಲಿ ಹಚ್ಚುವ ಸ್ಟೀರಾಯ್ಡ್ ಮುಲಾಮು (ಹೌದು, ಅದೇ, ಆದರೆ ರೋಗ ಗೊತ್ತಾದ ಮೇಲೆ) ಮತ್ತು 311 ನ್ಯಾನೋಮೀಟರ್ ಸುತ್ತಮುತ್ತಲಿನ ನೇರಳಾತೀತ ಬೆಳಕು. ಗಡ್ಡೆಯಾದರೆ ವಿಕಿರಣ. ಹರಡಿದರೆ ಮೆಥೊಟ್ರೆಕ್ಸೇಟ್, ಇಂಟರ್‌ಫೆರಾನ್, ಬ್ರೆಂಟಕ್ಸಿಮ್ಯಾಬ್‌ನಂಥ ದುಬಾರಿ ಔಷಧಗಳು.

ಬೆಳಕಿನ ಚಿಕಿತ್ಸೆ ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನಡೆಯಬೇಕು. ರಾಮನಗರದವರಿಗೆ ಬೆಳಗಾವಿ ಅಥವಾ ಗೋವಾ, ಕುಂಬಾರವಾಡದ ಕಡೆಯವರಿಗೆ ಕಾರವಾರ, ಉಳಿದವರಿಗೆ ದಾಂಡೇಲಿ ದಾಟಿ ಹುಬ್ಬಳ್ಳಿ. ವಾರಕ್ಕೆ ಮೂರರಂತೆ ಮೂರು ತಿಂಗಳಿಗೆ 39 ಓಡಾಟ. ಡಿಗ್ಗಿಯಂಥ ಹಳ್ಳಿಯ ಕುಣಬಿ ಕುಟುಂಬಕ್ಕೆ ಇದು ಆಗುವ ಮಾತಾ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ತಪ್ಪಿದ ಕೂಲಿ ಆ ಲೆಕ್ಕದಲ್ಲಿಲ್ಲ. ಈ ಬೆಳಕಿನ ಯಂತ್ರ ಸೋರಿಯಾಸಿಸ್‌ಗೂ ತೊನ್ನಿಗೂ ಬೇಕಾದದ್ದೇ. ಅಪರೂಪದ ರೋಗಕ್ಕೆ ಯಾಕೆ ಖರ್ಚು ಅನ್ನುವ ವಾದ ಹಾಗಾಗಿ ನಿಲ್ಲಲ್ಲ. ತಾಲೂಕು ಆಸ್ಪತ್ರೆಯಲ್ಲೇ ಒಂದು ಇಡಬಹುದು.

ಅಲ್ಲಿವರೆಗೆ ಮಾಡಬಹುದಾದ್ದು: ತಿಂಗಳಿಗೊಮ್ಮೆ ಮಚ್ಚೆಯ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಹಚ್ಚಿದ ಟ್ಯೂಬುಗಳನ್ನು ಬಿಸಾಡದೆ ಚರ್ಮತಜ್ಞರ ಬಳಿ ಒಯ್ಯಿರಿ, ಹಳೆಯ ಬಯಾಪ್ಸಿ ಇದ್ದರೆ ವರದಿಯ ಜೊತೆ ಗಾಜಿನ ಸ್ಲೈಡನ್ನೂ ಕೇಳಿ ಪಡೆಯಿರಿ. ಮೈಯೆಲ್ಲ ಕೆಂಪಾದರೆ, ಕಂಕುಳು ಇಲ್ಲವೇ ತೊಡೆಸಂದಿಯಲ್ಲಿ ಗಂಟು ಕಂಡರೆ ಮುಂದಿನ ಸಂತೆಯ ದಿನದವರೆಗೆ ಕಾಯಬೇಡಿ.