ನಕ್ಷತ್ರದ ದಾರಿ, ಬಂದೂಕಿನ ಗುರಿ

ವಾರ್ತಾವಾಚಕರು ಕಾಗದ ನೋಡದೆ, ನಿಮ್ಮನ್ನೇ ನೋಡುತ್ತ ಓದುವುದು ಹೇಗೆಂದು ಯೋಚಿಸಿದ್ದೀರಾ? ಸ್ಟುಡಿಯೋ ಕ್ಯಾಮೆರಾದ ಮುಂದೆ ಓರೆಯಾಗಿ ನಿಲ್ಲಿಸಿದ ಗಾಜೊಂದಿರುತ್ತದೆ. ಅಕ್ಷರಗಳು ಅದರಲ್ಲಿ ಪ್ರತಿಫಲಿಸುತ್ತವೆ. ಕ್ಯಾಮೆರಾ ಅದರ ಮೂಲಕವೇ ನೋಡುತ್ತದೆ. ಇಂಥದೇ ಗಾಜು ಬಂದೂಕಿನ ಮೇಲೇರಿದ ಕಥೆ ಸ್ವಾರಸ್ಯಕರವಾಗಿದೆ.

ಹಳೆಯ ಬಂದೂಕಿನಲ್ಲಿ ಹಿಂದಿನ ಕಚ್ಚು, ನಳಿಗೆಯ ತುದಿಯ ಪುಟ್ಟ ಮೊನೆ, ಗುರಿ ಈ ಮೂರನ್ನೂ ಒಂದೇ ರೇಖೆಗೆ ತರಬೇಕು. ಆದರೆ ಕಣ್ಣು ಒಂದು ಬಾರಿಗೆ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲದು. ಒಂದು ಸ್ಪಷ್ಟವಾದರೆ ಉಳಿದವು ಮಸುಕು.

ಇದಕ್ಕೆ ಪರಿಹಾರ ಕಂಡವರು ಡಬ್ಲಿನ್‌ನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್. ನಕ್ಷತ್ರದಿಂದ ಸಮಾನಾಂತರವಾಗಿ ಬರುವ ಕಿರಣಗಳನ್ನು ದೂರದರ್ಶಕದ ಮಸೂರವು ನಾಭಿಯಲ್ಲಿ ಕೂಡಿಸುತ್ತದೆ. ಗ್ರಬ್ ಈ ದಾರಿಯನ್ನು ಹಿಂದುಮುಂದು ಮಾಡಿದರು. ನಾಭಿಯಲ್ಲಿ ಗುರುತೊಂದನ್ನಿಟ್ಟರೆ, ಅದರ ಬೆಳಕು ಮಸೂರದಿಂದ ಸಮಾನಾಂತರವಾಗಿ ಹೊರಡುತ್ತದೆ. ಓರೆಗಾಜಿನಲ್ಲಿ ಪ್ರತಿಫಲಿಸಿದ ಆ ಗುರುತು, ನಕ್ಷತ್ರದಂತೆ, ಬಹುದೂರದಲ್ಲಿ ಗುರಿಯೊಡನೆಯೇ ಕಾಣುತ್ತದೆ. ತಲೆ ತುಸು ಸರಿದರೂ ಅದು ಗುರಿಯನ್ನು ಬಿಡದು. 1900ರಲ್ಲಿ ಗ್ರಬ್ ಇದಕ್ಕೆ ಪೇಟೆಂಟ್ ಪಡೆದರು.

1918ರಲ್ಲಿ ಜರ್ಮನಿಯ ಯುದ್ಧವಿಮಾನಗಳು ಇದನ್ನು ಬಳಸಿದವು. ಎರಡನೆಯ ಮಹಾಯುದ್ಧದ ವೇಳೆಗೆ ವಿದ್ಯುತ್ ದೀಪವುಳ್ಳ ಇಂಥ ಸಾಧನ ವಿಮಾನಗಳಲ್ಲಿ ಸಾಮಾನ್ಯವಾಯಿತು. ಕೈಬಂದೂಕಿಗೆ ಬೇಕಿದ್ದುದು ಪುಟ್ಟದಾದ, ಕಡಿಮೆ ವಿದ್ಯುತ್ ಬೇಡುವ ದೀಪ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಎಲ್.ಇ.ಡಿ. ಬಳಸಿದ ಸಾಧನವನ್ನು ಹೊರತಂದಿತು. ಇಂಥವುಗಳಲ್ಲಿ ಬಾಗಿದ ಗಾಜಿನ ಮೇಲಿನ ಲೇಪ ಕೆಂಪು ಬೆಳಕನ್ನು ಕಣ್ಣಿಗೆ ಮರಳಿಸಿ, ಉಳಿದ ಬಣ್ಣಗಳನ್ನು ಬಹುಪಾಲು ಹಾಯಗೊಡುತ್ತದೆ. ಲೇಸರಿನಂತೆ ಈ ಚುಕ್ಕೆ ಗುರಿಯ ಮೇಲೆ ಬೀಳುವುದಿಲ್ಲ. ನೋಡುವವನ ಕಣ್ಣಿಗಷ್ಟೇ ಅದು ಅಲ್ಲಿರುತ್ತದೆ.

ನಕ್ಷತ್ರ ನೋಡಲು ಬೆಳೆದ ದೃಗ್ವಿಜ್ಞಾನವೇ ಮನುಷ್ಯನತ್ತ ಗುರಿಯಿಡಲೂ ಒದಗಿತು. ಕಿರಣದ ನಿಯಮ ಎರಡಕ್ಕೂ ಒಂದೇ; ಬಳಕೆಯ ಹೊಣೆ ನಮ್ಮದು.