ಹೊಸ ಮನೆ ಕಟ್ಟಿಸ್ತಿದ್ದೀರಾ? ಟೈಲ್ಸ್, ನಲ್ಲಿ, ವೈರಿಂಗ್ ಆರಿಸುವ ಮುನ್ನ ಇದನ್ನು ಓದಿ

ಗೋಡೆಯೊಳಗೆ ಹೋಗುವುದಕ್ಕೆ ಮೊದಲು ದುಡ್ಡು ಹಾಕಿ, ಕಣ್ಣಿಗೆ ಕಾಣುವುದನ್ನು ಆಮೇಲೆ ಮಾಡಿಸಿ

ಪುಣಜನೂರು (ಚಾಮರಾಜನಗರ ತಾ.): ಪಾಯ, ಗೋಡೆ, ಮೋಲ್ಡ್ ತನಕ ಮನೆ ಕೆಲಸದ ಲೆಕ್ಕ ಹೆಚ್ಚುಕಮ್ಮಿ ಕೈಯಲ್ಲೇ ಇರುತ್ತದೆ. ಕೈ ಕಚ್ಚುವುದು ಆಮೇಲೆ. ಟೈಲ್ಸ್, ನಲ್ಲಿ, ಬಾಗಿಲು, ಸ್ವಿಚ್, ಬಣ್ಣ ಅಂತ ಒಂದೊಂದೇ ಶುರುವಾದಾಗ "ಇನ್ನೊಂದು ಹತ್ತು ಸಾವಿರ ತಾನೆ" ಅನ್ನುವ ಮಾತು ನಾಲ್ಕೈದು ಸಲ ಬಂದರೆ ಗೃಹಪ್ರವೇಶಕ್ಕೆ ಇಟ್ಟ ದುಡ್ಡೂ ಖಾಲಿ. ಹಾಲ್‌ಗೆ ದುಬಾರಿ ಟೈಲ್ಸ್ ಬಿದ್ದಿರುತ್ತದೆ, ಶೌಚಾಲಯದ ಗುಂಡಿ ಮಾತ್ರ ಅರ್ಧಕ್ಕೆ ನಿಂತಿರುತ್ತದೆ.

ಹಾಗಾಗದಿರಲು ಒಂದು ಲೆಕ್ಕ ಇಟ್ಟುಕೊಂಡರೆ ಸಾಕು. ಯಾವುದನ್ನು ಬದಲಿಸಲು ಗೋಡೆ ಅಥವಾ ನೆಲ ಒಡೆಯಬೇಕೋ ಅದಕ್ಕೆ ಈಗಲೇ ಒಳ್ಳೆಯ ಮಾಲು ಹಾಕಿ. ಯಾವುದನ್ನು ಸ್ಕ್ರೂ ಬಿಚ್ಚಿ ಬದಲಿಸಬಹುದೋ ಅದನ್ನು ಸದ್ಯಕ್ಕೆ ಸಾಧಾರಣದ್ದು ಹಾಕಿಸಿ. ಪೈಪು, ವೈರು, ಅರ್ಥಿಂಗ್, ಬಚ್ಚಲಿನ ವಾಟರ್‌ಪ್ರೂಫಿಂಗ್, ಬಾಗಿಲ ಚೌಕಟ್ಟು ಮೊದಲ ಪಟ್ಟಿಗೆ ಸೇರುತ್ತವೆ. ಫ್ಯಾನ್, ಲೈಟು, ನಲ್ಲಿ, ಬಣ್ಣ, ಕಪಾಟಿನ ಬಾಗಿಲು, ಸೀಲಿಂಗ್ ಅಲಂಕಾರ ಎರಡನೇ ಪಟ್ಟಿಗೆ.

ಗುತ್ತಿಗೆ ಮಾತು ಕಾಗದದಲ್ಲಿರಲಿ

ಮೆಟೀರಿಯಲ್ ಸಮೇತ ಗುತ್ತಿಗೆ ಕೊಡುವವರು ಚದರಕ್ಕೆ ಇಷ್ಟು ಅಂತ ಮಾತಾಡಿ ಬಿಡುತ್ತಾರೆ. ಆ ರೇಟಿನಲ್ಲಿ ಯಾವ ಟೈಲ್ಸ್, ಯಾವ ಬಾಗಿಲು, ಎಷ್ಟು ಕರೆಂಟ್ ಪಾಯಿಂಟ್ ಅಂತ ಬರೆಸಿಕೊಳ್ಳುವುದಿಲ್ಲ. ಜಗಳ ಶುರುವಾಗುವುದೇ ಇಲ್ಲಿ.

ಗುತ್ತಿಗೆಯಲ್ಲಿ ಟೈಲ್ಸ್‌ಗೆ ಚದರಡಿಗೆ 45 ರೂ. ಅಂತ ಇದೆ ಅಂದುಕೊಳ್ಳಿ. ಅಂಗಡಿಗೆ ಹೋದಾಗ 65 ರೂಪಾಯಿಯದ್ದು ಇಷ್ಟವಾಯಿತು. ನೋಡಲು 20 ರೂ. ವ್ಯತ್ಯಾಸ. 10 ಚದರದ ಮನೆ ಅಂದರೆ 1,000 ಚದರಡಿ, ಮೇಲೆ ಬೀಳುವುದು 20,000 ರೂ. ಆ 45 ರೂಪಾಯಿಯಲ್ಲಿ ಜಿಎಸ್‌ಟಿ, ಸಾಗಣೆ, ಕೂಲಿ ಸೇರಿದೆಯಾ ಅನ್ನುವುದನ್ನೂ ಕೇಳಿ. ಪೈಪು, ವೈರು, ನಲ್ಲಿ, ಕಮೋಡು, ಬಣ್ಣ ಎಲ್ಲಕ್ಕೂ ಕಂಪನಿ ಹೆಸರು ಅಥವಾ ಗರಿಷ್ಠ ರೇಟು ಬರೆಸಿ ಇಬ್ಬರೂ ಸಹಿ ಹಾಕಿ. ಮೇಸ್ತ್ರಿ ಗುರುತಿನವರೇ ಆಗಿದ್ದರೂ ಬರೆದಿಟ್ಟುಕೊಂಡರೆ ಇಬ್ಬರಿಗೂ ನೆಮ್ಮದಿ.

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ (ಗ್ರಾಮೀಣ) ಬಯಲು ಪ್ರದೇಶದ ಮನೆಗೆ ಸಿಗುವ ಸಹಾಯಧನ 1.20 ಲಕ್ಷ ರೂ. ಕಂತಿನ ಹಣ ಬರುವುದು ಕೆಲಸದ ಹಂತ ಮುಗಿದು ಫೋಟೋ ಅಪ್‌ಲೋಡ್ ಆದ ಮೇಲೆ. ಸ್ವಚ್ಛ ಭಾರತ್ ಅಡಿ ಶೌಚಾಲಯಕ್ಕೆ 12,000 ರೂ. ಪ್ರೋತ್ಸಾಹಧನ ಇದೆ. ಯೋಜನೆ ಮನೆ ಕಟ್ಟುವವರು ಮುಂದಿನ ಕಂತು ನಂಬಿ ಟೈಲ್ಸ್ ಸಾಲಕ್ಕೆ ತರುವ ಬದಲು ಛಾವಣಿ, ಶೌಚಾಲಯ, ವೈರಿಂಗ್ ಮುಗಿಸಿಕೊಳ್ಳುವುದು ಕ್ಷೇಮ. ನೆಲಕ್ಕೆ ಸದ್ಯ ರೆಡ್ ಆಕ್ಸೈಡ್ ಅಥವಾ ಸಿಮೆಂಟ್ ಗಾರೆ ಹಾಕಿಸಿದರೂ ಮುಂದೆ ಅದರ ಮೇಲೆ ಟೈಲ್ಸ್ ಕೂರಿಸಬಹುದು. ಆದರೆ ಬಾಗಿಲು ಉಜ್ಜದಂತೆ ಒಂದೂವರೆ ಇಂಚು ಜಾಗ ಈಗಲೇ ಬಿಡಿಸಿ.

ನೀರು: ಗಡಸು ನೀರಿಗೆ ತಕ್ಕ ನಲ್ಲಿ

ಜಿಲ್ಲೆಯ ಬಹಳ ಊರುಗಳಲ್ಲಿ ಬೋರ್‌ವೆಲ್ ನೀರು ಗಡಸು. ಬಕೆಟ್ ಅಂಚಿಗೆ, ಷವರ್ ತೂತಿಗೆ ಬಿಳಿ ಉಪ್ಪು ಕಟ್ಟುತ್ತದೆ. ಅಂಗಡಿಯಲ್ಲಿ ಥಳಥಳ ಹೊಳೆಯುವ ಕಪ್ಪು ಬಣ್ಣದ ನಲ್ಲಿ, ಕಪ್ಪು ವಾಷ್‌ಬೇಸಿನ್ ಇಂಥ ನೀರಿಗೆ ತಿಂಗಳೊಳಗೆ ಬಿಳಿಚಿಕೊಳ್ಳುತ್ತವೆ. ಕಲೆ ಹೋಗಲಿ ಅಂತ ಆಸಿಡ್ ಹಾಕಿದರೆ ನಲ್ಲಿಯ ಕ್ರೋಮ್ ಪಾಲಿಶ್ಶೇ ಎದ್ದು ಬರುತ್ತದೆ. ಬಿಳಿ ಸಾಮಾನು, ಸಾದಾ ಕ್ರೋಮ್ ನಲ್ಲಿ ಬಾಳಿಕೆ ಜಾಸ್ತಿ.

ನಲ್ಲಿ ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ. ಪೂರ್ತಿ ಹಿತ್ತಾಳೆಯದ್ದು ಭಾರ ಇರುತ್ತದೆ. ಒಳಗಿನ ಕಾರ್ಟ್ರಿಜ್ ಬಿಡಿಯಾಗಿ ಚಾಮರಾಜನಗರದಲ್ಲೇ ಸಿಗುತ್ತದಾ ಕೇಳಿ. ಸಿಗದಿದ್ದರೆ ಸೋರುವ ಒಂದು ನಲ್ಲಿಗೆ ಮೈಸೂರಿಗೆ ಓಡಬೇಕು. ಹಿತ್ತಲಿಗೆ, ದನದ ಕೊಟ್ಟಿಗೆಗೆ ಪ್ಲಾಸ್ಟಿಕ್ ನಲ್ಲಿ ಸಾಕು. ಗೋಡೆಯೊಳಗೆ ಕೂರುವ ಡೈವರ್ಟರ್ ಮಾತ್ರ ಒಳ್ಳೆಯ ಕಂಪನಿಯದ್ದೇ ಇರಲಿ, ಅದು ಕೆಟ್ಟರೆ ಟೈಲ್ಸ್ ಒಡೆಯಬೇಕು.

ಬಿಸಿನೀರಿನ ಲೈನ್‌ಗೆ ಸಿಪಿವಿಸಿ ಪೈಪು ಬೇಕು, ಸಾದಾ ಪಿವಿಸಿ ತಡೆಯುವುದಿಲ್ಲ. ಪೈಪಿನ ಮೇಲೆ ಐಎಸ್ 15778 ಅಂತ ಅಚ್ಚಾಗಿರುವುದನ್ನು ನೋಡಿ. ಸೋಲಾರ್ ವಾಟರ್ ಹೀಟರ್ ಈಗ ಹಾಕದಿದ್ದರೂ ತಾರಸಿಯಿಂದ ಬಚ್ಚಲಿಗೆ ಪೈಪು ಇಳಿಸಿಡಿ. ಗಿಲಾವಿಗೆ ಮೊದಲು ಪ್ಲಂಬರ್ ಕೈಯಲ್ಲಿ ಪೈಪಿಗೆ ನೀರಿನ ಒತ್ತಡ ಹಾಕಿಸಿ ಪರೀಕ್ಷೆ ಮಾಡಿಸಿ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್ ಹಾಕುವ ಮುಂಚೆ 24 ಗಂಟೆ ನೀರು ನಿಲ್ಲಿಸಿ. ಕೆಳಗೆ, ಪಕ್ಕದ ಗೋಡೆಗೆ ತೇವ ಬರದಿದ್ದರೆ ಮುಂದಿನ ಕೆಲಸ.

ಸೌದೆ ಒಲೆಯ ಹಂಡೆ ಇನ್ನೂ ಬೇಕು ಅನ್ನುವ ಮನೆಗಳು ಈ ಭಾಗದಲ್ಲಿ ಕಮ್ಮಿ ಇಲ್ಲ. ಹಾಗಿದ್ದರೆ ಹೊಗೆ ಹೋಗಲು ಚಿಮಣಿ ಪ್ಲಾನ್‌ನಲ್ಲೇ ಸೇರಿಸಿ. ಒಲೆ ಸುತ್ತ ಟೈಲ್ಸ್ ಬೇಡ, ಬಿಸಿಗೆ ಸಿಡಿಯುತ್ತದೆ. ಇಟ್ಟಿಗೆ ಅಥವಾ ಕಲ್ಲೇ ಸರಿ.

ನೆಲ: ಟೈಲ್ಸಾ, ಕಲ್ಲಾ?

ಅಂಗಡಿಗಳಿಗೆ ಬರುವ ಟೈಲ್ಸ್‌ನಲ್ಲಿ ದೊಡ್ಡ ಪಾಲು ಗುಜರಾತಿನ ಮೋರ್ಬಿಯದ್ದು. ಓಡಾಟ ಜಾಸ್ತಿ ಇರುವ ಹಾಲ್‌ಗೆ, ಅಂಗಡಿ ಮಳಿಗೆಗೆ ಡಬಲ್ ಚಾರ್ಜ್ ವಿಟ್ರಿಫೈಡ್ ಒಳ್ಳೆಯದು. ಬಣ್ಣದ ಪದರ ದಪ್ಪ ಇರುವುದರಿಂದ ಬೇಗ ಸವೆಯುವುದಿಲ್ಲ. ರೂಮಿಗೆ ಜಿವಿಟಿ ಸಾಕು. ಗೋಡೆಗೆ ಅಂತ ಮಾರುವ ಸೆರಾಮಿಕ್ ಟೈಲ್ಸ್ ನೆಲಕ್ಕೆ ಹಾಕಿಸಬೇಡಿ. ಬಚ್ಚಲು, ಜಗುಲಿ, ಮೆಟ್ಟಿಲಿಗೆ ಒರಟು ಮೇಲ್ಮೈ ಇರುವುದೇ ಬೇಕು. ಮನೆಯಲ್ಲಿ ವಯಸ್ಸಾದವರು ಇದ್ದರೆ ಈ ವಿಷಯದಲ್ಲಿ ರಾಜಿ ಬೇಡ. ಅಂಗಡಿಯಲ್ಲೇ ಟೈಲ್ಸ್ ಮೇಲೆ ನೀರು ಸುರಿದು ಕಾಲಿಟ್ಟು ನೋಡಿ.

ಎಷ್ಟು ಬಾಕ್ಸ್ ಬೇಕು ಅನ್ನುವ ಲೆಕ್ಕ ಹೀಗೆ. 12x10 ಅಡಿ ರೂಮು ಅಂದರೆ 120 ಚದರಡಿ. ಸ್ಕರ್ಟಿಂಗ್‌ಗೆ ಸುಮಾರು 14 ಚದರಡಿ, ಕಟಿಂಗ್ ವೇಸ್ಟ್ ಶೇ. 10 ಸೇರಿಸಿದರೆ ಸುಮಾರು 147. 2x2 ಟೈಲ್ಸ್ ನಾಲ್ಕಿರುವ ಬಾಕ್ಸಿನಲ್ಲಿ 15.5 ಚದರಡಿ ಬರುತ್ತದೆ. ಅಲ್ಲಿಗೆ 10 ಬಾಕ್ಸ್. ಎಲ್ಲ ಬಾಕ್ಸಿನ ಮೇಲೂ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇರಬೇಕು. ಕಮ್ಮಿ ಬಿದ್ದು ಆಮೇಲೆ ತಂದರೆ ಬಣ್ಣ ಹೊಂದುವುದಿಲ್ಲ. ಒಡೆಯದ ಬಾಕ್ಸ್ ವಾಪಸ್ ತಗೊಳ್ತೀರಾ ಅಂತ ಕೇಳಿ ಬಿಲ್ ಮೇಲೆ ಬರೆಸಿ. ಉಳಿದ ಏಳೆಂಟು ಟೈಲ್ಸ್ ಬಿಸಾಡಬೇಡಿ, ಮುಂದೆ ರಿಪೇರಿಗೆ ಬೇಕಾಗುತ್ತದೆ.

ಅಡುಗೆ ಕಟ್ಟೆಗೆ ಚಾಮರಾಜನಗರದ ಕರಿಕಲ್ಲೇ ಇದೆ, ಊರಾಚೆಗೂ ಹೆಸರು ಮಾಡಿದ ಕಲ್ಲು. ಗಟ್ಟಿ, ಬಿಸಿ ಪಾತ್ರೆಗೆ ಜಗ್ಗುವುದಿಲ್ಲ. ಆದರೆ ಗಡಸು ನೀರಿನ ಬಿಳಿ ಕಲೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ, ಸಿಂಕ್ ಪಕ್ಕ ಒರೆಸುತ್ತಲೇ ಇರಬೇಕು. ಬೇಡ ಅನ್ನುವವರಿಗೆ ಬೂದು ಬಣ್ಣದ ಗ್ರಾನೈಟ್ ಅನುಕೂಲ. ಬೂದು ಕಲ್ಲಿಗೆ ಕಪ್ಪು ಬಣ್ಣ ಹಾಕಿ ಮಾರುವುದೂ ಉಂಟು. ಹತ್ತಿಗೆ ನೇಲ್‌ಪಾಲಿಶ್ ತೆಗೆಯುವ ದ್ರಾವಣ ಹಾಕಿ ಕಲ್ಲಿನ ಮೂಲೆ ಉಜ್ಜಿ. ಹತ್ತಿ ಕಪ್ಪಾದರೆ ಆ ಕಲ್ಲು ಬೇಡ. ಕಿಟಕಿ ಪಟ್ಟಿ, ಹೊಸ್ತಿಲಿನಂಥ ಸಣ್ಣ ಕೆಲಸಕ್ಕೆ ಪೂರ್ತಿ ಸ್ಲ್ಯಾಬ್ ಕೊಳ್ಳುವ ಮೊದಲು ಉಳಿದ ತುಂಡು ಇದೆಯಾ ಅಂತ ಕೇಳಿ, ಕಮ್ಮಿಗೆ ಸಿಗುತ್ತದೆ.

ಕರೆಂಟು: ಸ್ವಿಚ್ಚಿಗಿಂತ ಹಿಂದಿನ ವೈರು ಮುಖ್ಯ

ಮಾಡ್ಯುಲರ್ ಸ್ವಿಚ್ಚಿಗೆ ಸಾವಿರಗಟ್ಟಲೆ ಸುರಿದು, ಹೆಸರಿಲ್ಲದ ವೈರು ಎಳೆಸುವವರು ಇದ್ದಾರೆ. ಇದು ಉಲ್ಟಾ ಆಗಬೇಕು. ವೈರಿನ ಮೇಲೆ ಐಎಸ್‌ಐ ಗುರುತು, ಐಎಸ್ 694 ಅಂತ ಇರಬೇಕು. ಲೈಟು, ಫ್ಯಾನಿಗೆ 1ರಿಂದ 1.5 ಚದರ ಮಿ.ಮೀ., 16 ಆಂಪಿಯರ್ ಪಾಯಿಂಟಿಗೆ 2.5, ಗೀಸರ್, ಎಸಿಗೆ 4 ಚದರ ಮಿ.ಮೀ. ಅನ್ನುವುದು ಸಾಮಾನ್ಯ ಲೆಕ್ಕ. ಎಂಸಿಬಿ ವೈರು ಸುಡದಂತೆ ಕಾಯುತ್ತದೆ, ಮನುಷ್ಯರನ್ನು ಶಾಕ್‌ನಿಂದ ಕಾಯುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್‌ನದ್ದು ಒಂದು ಹಾಕಿಸಲೇಬೇಕು. ಅರ್ಥಿಂಗ್ ಗುಂಡಿ ಹೆಸರಿಗೆ ಮಾತ್ರ ಇದ್ದರೆ ಪ್ರಯೋಜನವಿಲ್ಲ, ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳತೆ ಮಾಡಿಸಿ.

ಗಿಲಾವಿಗೆ ಮುಂಚೆ ಎಲ್ಲ ಗೋಡೆಯ ಫೋಟೋ ಟೇಪು ಹಿಡಿದು ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ವೈರು, ಪೈಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ಇನ್ವರ್ಟರ್ ಲೈನ್, ಮೋಟರ್ ಲೈನ್, ತಾರಸಿಯಿಂದ ಮೀಟರ್ ತನಕ ಸೋಲಾರ್‌ಗೆ ಒಂದು ಖಾಲಿ ಪೈಪು ಈಗಲೇ ಬಿಡಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕೂ ಮೇಲೆ 78,000 ರೂ. ಕೇಂದ್ರದ ಸಬ್ಸಿಡಿ ಇದೆ.

ಫ್ಯಾನ್ ಲೆಕ್ಕ ನೋಡಿ. ಹಳೇ ಮಾದರಿ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಮೂರು ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 40 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ ಈ 40 ಯೂನಿಟ್ ಸಣ್ಣದಲ್ಲ. ದುಡ್ಡು ಸಾಲದಿದ್ದರೆ ಫ್ಯಾನ್ ಆಮೇಲೆ ಒಂದೊಂದೇ ಬದಲಿಸಬಹುದು.

ಬಾಗಿಲು, ಕಿಟಕಿ: ಕಾಡಂಚಿನ ಮನೆಗೆ ಬೇರೆ ಲೆಕ್ಕ

ಪುಣಜನೂರು ಸುತ್ತ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ. ಕಬ್ಬಿನ ಲಾರಿ ತಡೆದು ಜಲ್ಲೆ ಎಳೆಯುವ ಆನೆಗಳು ಈ ರಸ್ತೆಗೆ ಹೊಸತಲ್ಲ. ಮನೆಯೊಳಗಿನ ರಾಗಿ, ಅಕ್ಕಿ, ಉಪ್ಪು, ಹಲಸಿನ ಹಣ್ಣಿನ ವಾಸನೆಗೂ ಆನೆ ಬರುತ್ತದೆ. ಕಾಡಿನ ಕಡೆ ಗೋಡೆಗೆ ಅಡುಗೆ ಮನೆ, ಉಗ್ರಾಣ ಬರದಂತೆ ಪ್ಲಾನ್ ಮಾಡಿಸಿ, ಧಾನ್ಯ ಒಳಗಿನ ಕೋಣೆಯಲ್ಲಿರಲಿ. ಶೌಚಾಲಯ ಮನೆಗೆ ಅಂಟಿಕೊಂಡೇ ಇದ್ದರೆ ರಾತ್ರಿ ಹೊರಗೆ ಹೋಗುವುದು ತಪ್ಪುತ್ತದೆ. ಅಂಗಳಕ್ಕೊಂದು ಸೋಲಾರ್ ಲೈಟು, ಹೊರ ಲೈಟಿನ ಸ್ವಿಚ್ಚು ಮಲಗುವ ಕೋಣೆಯಲ್ಲಿ. ಕೊಟ್ಟಿಗೆಗೆ ಚಿರತೆ ನುಗ್ಗದಂಥ ಕಬ್ಬಿಣದ ಬಾಗಿಲು. ಈ ದುಡ್ಡು ಸೀಲಿಂಗ್ ಅಲಂಕಾರಕ್ಕಿಂತ ಮೊದಲು ಖರ್ಚಾಗಬೇಕು. ಕೋತಿ ಕಾಟಕ್ಕೆ ಕಿಟಕಿಗೆ ಸಣ್ಣ ಅಂತರದ ಗ್ರಿಲ್, ಸಿಂಟೆಕ್ಸ್ ಮುಚ್ಚಳಕ್ಕೆ ಬೀಗ ಬೇಕು.

ಮರದ ವಿಷಯದಲ್ಲಿ ಹುಷಾರು. ತೇಗ, ಹೊನ್ನೆ, ಮತ್ತಿ ಯಾರೋ ಕಮ್ಮಿಗೆ ಕೊಡ್ತಾರೆ ಅಂತ ಬಿಲ್, ಪಾಸ್ ಇಲ್ಲದೆ ತಂದರೆ ಅರಣ್ಯ ಕಾಯ್ದೆಯಡಿ ಕೇಸ್ ಬೀಳುತ್ತದೆ, ಮರವೂ ಹೋಗುತ್ತದೆ. ಸಾಮಿಲ್ ಬಿಲ್ ಜೋಪಾನವಾಗಿಡಿ. ಮುಂಬಾಗಿಲಿಗೆ ಒಂದು ಒಳ್ಳೆಯ ಮರ ಹಾಕಿಸಿ, ಮಿಕ್ಕ ಚೌಕಟ್ಟಿಗೆ ಸಿಮೆಂಟ್ ಅಥವಾ ಕಲ್ಲು ಆಗುತ್ತದೆ. ಗೆದ್ದಲು ಹಿಡಿಯುವುದಿಲ್ಲ. ಬಚ್ಚಲಿಗೆ ಪಿವಿಸಿ ಅಥವಾ ಡಬ್ಲ್ಯೂಪಿಸಿ ಬಾಗಿಲು. ಅಡುಗೆ ಮನೆ ಕಪಾಟಿಗೆ ಪ್ಲೈವುಡ್ ಕೊಳ್ಳುವಾಗ ಐಎಸ್ 710 ಗುರುತು ನೋಡಿ. ಐಎಸ್ 303 ಎಂಆರ್ ಪ್ಲೈ ಒಣ ಜಾಗಕ್ಕೆ ಮಾತ್ರ.

ಬಣ್ಣಕ್ಕೆ ಅವಸರ ಬೇಡ

ಗಿಲಾವು ಒಣಗದೆ ಪುಟ್ಟಿ ಹಚ್ಚಿದರೆ ಮೊದಲ ಮಳೆಗೇ ಸಿಪ್ಪೆ ಏಳುತ್ತದೆ. ಕ್ಯೂರಿಂಗ್ ಸೇರಿ ನಾಲ್ಕು ವಾರ ಬಿಡುವುದು ರೂಢಿ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿದ್ದರೆ ಒಳಗೆ ಪ್ರೈಮರ್ ಮಾತ್ರ ಹೊಡೆಸಿ, ಬಣ್ಣ ಆಮೇಲೆ ಆಗಲಿ.

ಕೊಯಮತ್ತೂರಿನಿಂದ ತರುವವರಿಗೆ

ರಾಷ್ಟ್ರೀಯ ಹೆದ್ದಾರಿ 948 ಇಲ್ಲೇ ಹಾದುಹೋಗುವುದರಿಂದ ಸತ್ಯಮಂಗಲ, ಕೊಯಮತ್ತೂರಿಗೆ ಹೋಗಿ ಸಾಮಾನು ತರುವವರಿದ್ದಾರೆ. ರೇಟು ಕಮ್ಮಿ ಅನ್ನಿಸಿದರೂ ಬಾಡಿಗೆ, ದಾರಿಯಲ್ಲಿ ಒಡೆಯುವುದು, ಬದಲಿಸಲು ಮತ್ತೆ ಘಾಟ್ ಇಳಿಯುವುದು ಸೇರಿಸಿ ಲೆಕ್ಕ ಹಾಕಿ. 50,000 ರೂ. ಮೀರಿದ ಮಾಲಿಗೆ ಇ-ವೇ ಬಿಲ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರಿಂದ ದಿಂಬಂ ಘಾಟ್‌ನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಬೆಳಗ್ಗೆಯೇ ಲೋಡ್ ಮಾಡಿಸಿ ಹೊರಡಿ. ಊರಿನ ಅಂಗಡಿಯವರು ಬದಲಿ ಮಾಲು, ಬಿಡಿಭಾಗ, ಜಿಎಸ್‌ಟಿ ಬಿಲ್ ಸರಿಯಾಗಿ ಕೊಟ್ಟರೆ ಗಿರಾಕಿ ಗಡಿ ದಾಟುವ ಅಗತ್ಯವೂ ಬರುವುದಿಲ್ಲ.

ಮಾಲು ಕೆಟ್ಟದ್ದು ಬಂದರೆ

ಐಎಸ್‌ಐ ಲೈಸೆನ್ಸ್ ನಂಬರ್ ಅಸಲಿಯಾ ಅಂತ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು. ಅಂಗಡಿಯಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂ. ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ. ಇದಕ್ಕೆಲ್ಲ ಬಿಲ್ ಬೇಕೇ ಬೇಕು.

ಮರೆಯದಿರಿ

1. ಮೋಲ್ಡ್ ಹಾಕುವ ಮೊದಲು: ಫ್ಯಾನ್, ಲೈಟ್ ಪಾಯಿಂಟು, ಬಚ್ಚಲಿನ ತಗ್ಗು ತೀರ್ಮಾನ ಆಗಿರಬೇಕು.
2. ಗಿಲಾವಿಗೆ ಮೊದಲು: ಪೈಪು ಪರೀಕ್ಷೆ, ವೈರಿಂಗ್ ಪೈಪು, ಗೋಡೆಯ ಫೋಟೋ.
3. ಟೈಲ್ಸ್‌ಗೆ ಮೊದಲು: 24 ಗಂಟೆ ನೀರು ನಿಲ್ಲಿಸಿ ನೋಡುವುದು, ಬ್ಯಾಚ್ ನಂಬರ್.
4. ಕೊನೆ ಕಂತು ಕೊಡುವ ಮೊದಲು: ಎಲ್ಲ ನಲ್ಲಿ, ಸ್ವಿಚ್ಚು, ಬಾಗಿಲು ತೆಗೆದು ಹಾಕಿ ನೋಡುವುದು, ಬಚ್ಚಲಿನ ನೀರು ಮೋರಿಗೆ ಹರಿಯುತ್ತಾ ಅಂತ ಒಂದು ಬಕೆಟ್ ಸುರಿದು ನೋಡುವುದು.
5. ಬಿಲ್, ವಾರಂಟಿ ಕಾರ್ಡ್, ಗುತ್ತಿಗೆ ಕಾಗದ ಎಲ್ಲ ಒಂದೇ ಫೈಲಿನಲ್ಲಿರಲಿ.