ಮಹಾಸರೋವರಗಳ ಸೀಮೆಯಲ್ಲಿ ಡೀಸೆಲ್ ಸರಕು ವ್ಯಾನು: ಚಾಲನೆ ಮತ್ತು ಪಾಲನೆ

ಶಿಕಾಗೋ ಮತ್ತು ಡೆಟ್ರಾಯಿಟ್ ನಗರಗಳನ್ನು ಐ-94 ಹೆದ್ದಾರಿ ಜೋಡಿಸುತ್ತದೆ. ಸುಮಾರು 280 ಮೈಲಿಗಳ ಈ ದಾರಿಯಲ್ಲಿ ಪ್ರತಿದಿನ ಸಾವಿರಾರು ಸರಕು ವಾಹನಗಳು ಓಡಾಡುತ್ತವೆ. ದಿನಸಿ ಅಂಗಡಿ, ಅಡುಗೆಯ ಗುತ್ತಿಗೆ, ಮನೆಸಾಮಾನಿನ ಸಾಗಣೆ ಮುಂತಾದ ಸಣ್ಣ ಉದ್ದಿಮೆಗಳನ್ನು ನಡೆಸುವ ಕನ್ನಡಿಗರಿಗೆ ಸರಕು ವ್ಯಾನು ಅನ್ನದ ದಾರಿಯಾದರೆ, ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್ ಸೀಮೆಯ ಪಂಪ ಕನ್ನಡ ಕೂಟಗಳಂತಹ ಸಂಘಗಳ ಕಾರ್ಯಕರ್ತರಿಗೆ ಅದು ಯುಗಾದಿ, ರಾಜ್ಯೋತ್ಸವಗಳ ಸಮಯದಲ್ಲಿ ಪಾತ್ರೆ ಪಡಗ, ರಂಗಸಜ್ಜಿಕೆ, ಧ್ವನಿವರ್ಧಕಗಳನ್ನು ಹೊರುವ ವಾಹನ. ವೃತ್ತಿನಿರತ ಚಾಲಕನಿಗೆ ಇರುವ ತರಬೇತಿ ಇವರಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ. ಸಾಮಾನ್ಯ ಕಾರಿನ ಪರವಾನಗಿಯೇ ಸಾಕಾಗುವುದರಿಂದ, ಕಾರು ಓಡಿಸಿದಂತೆಯೇ ಇದನ್ನೂ ಓಡಿಸಬಹುದೆಂಬ ಭಾವನೆ ಸಹಜವಾಗಿ ಬೆಳೆಯುತ್ತದೆ. ಆ ಭಾವನೆ ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಡೀಸೆಲ್ ಮತ್ತು ಈ ಸೀಮೆ

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಅದು ಅಮೆರಿಕದಲ್ಲಿ ಬೇರೂರಿದ್ದು ಬಹುಮಟ್ಟಿಗೆ ಈ ಸೀಮೆಯಲ್ಲಿಯೇ. 1930ರ ದಶಕದಲ್ಲಿ ಶಿಕಾಗೋ ಪಕ್ಕದ ಕಾರ್ಖಾನೆಯಿಂದ ಎಲೆಕ್ಟ್ರೋ-ಮೋಟಿವ್ ಸಂಸ್ಥೆಯ ಡೀಸೆಲ್ ರೈಲು ಎಂಜಿನುಗಳು ಹೊರಬಂದವು. ಜನರಲ್ ಮೋಟಾರ್ಸ್ 1938ರಲ್ಲಿ ಸ್ಥಾಪಿಸಿದ ವಿಭಾಗವೇ ಮುಂದೆ ಡೆಟ್ರಾಯಿಟ್ ಡೀಸೆಲ್ ಎಂದು ಹೆಸರಾಯಿತು. ಇಂದು ಬಳಕೆಯಲ್ಲಿರುವ ಡೀಸೆಲ್ ವ್ಯಾನುಗಳಲ್ಲಿ ಮುಖ್ಯವಾದುದು ಮರ್ಸಿಡಿಸ್ ಸ್ಪ್ರಿಂಟರ್. ಡೈಮ್ಲರ್ ಮತ್ತು ಕ್ರೈಸ್ಲರ್ ಒಂದಾಗಿದ್ದ ಕಾಲದಲ್ಲಿ ಅದು ಡಾಡ್ಜ್ ಹೆಸರಿನಲ್ಲಿಯೂ ಮಾರಾಟವಾಗಿತ್ತು. ಫೋರ್ಡ್ ಟ್ರಾನ್ಸಿಟ್ 2015ರಿಂದ 2019ರವರೆಗಿನ ಮಾದರಿಗಳಲ್ಲಿ 3.2 ಲೀಟರಿನ ಐದು ಸಿಲಿಂಡರುಗಳ ಡೀಸೆಲ್ ಎಂಜಿನಿನೊಡನೆಯೂ ದೊರೆಯುತ್ತಿತ್ತು; ಹಳೆಯ ವಾಹನಗಳ ಮಾರುಕಟ್ಟೆಯಲ್ಲಿ ಅವು ಕಾಣಸಿಗುತ್ತವೆ.

ಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ವ್ಯಾನಿನ ದಿನದ ಓಡಾಟ ಎಂತಹುದು? ಎರಡೆರಡು ಮೈಲಿಗೊಮ್ಮೆ ನಿಂತು ಹೊರಡುವ, ಎಂಜಿನು ಪೂರ್ತಿ ಬಿಸಿಯಾಗುವ ಮುನ್ನವೇ ಆರಿಸುವ ಕೆಲಸವಾದರೆ ಡೀಸೆಲ್ ತಕ್ಕುದಲ್ಲ. ದೂರದ ಹೆದ್ದಾರಿ ಪ್ರಯಾಣ, ತುಂಬು ಭಾರ, ದೀರ್ಘ ಬಾಳಿಕೆ ಇವು ಬೇಕಾದವರಿಗೆ ಮಾತ್ರ ಅದರ ಹೆಚ್ಚಿನ ಬೆಲೆ ಮತ್ತು ದುರಸ್ತಿಯ ವೆಚ್ಚ ಸಾರ್ಥಕವಾಗುತ್ತವೆ.

ಎಂಜಿನಿನ ಸ್ವಭಾವ

ಪೆಟ್ರೋಲ್ ಎಂಜಿನಿನಲ್ಲಿ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಸುಮಾರು 15ರಿಂದ 18 ಪಟ್ಟು ಒತ್ತಿದಾಗ ಹುಟ್ಟುವ ಶಾಖವೇ ಸಿಂಪಡಿಸಿದ ಇಂಧನವನ್ನು ಉರಿಸುತ್ತದೆ. ಈ ಒಂದು ವ್ಯತ್ಯಾಸದಿಂದ ಎರಡು ಎಚ್ಚರಿಕೆಗಳು ಹುಟ್ಟುತ್ತವೆ.

ಮೊದಲನೆಯದು, ತಣ್ಣಗಿನ ಎಂಜಿನಿಗೆ ಶಾಖದ ನೆರವು ಬೇಕು. ಗ್ಲೋ ಪ್ಲಗ್ಗುಗಳು ಆ ಕೆಲಸ ಮಾಡುತ್ತವೆ. ಕೀಲಿ ತಿರುಗಿಸಿದೊಡನೆ ಫಲಕದಲ್ಲಿ ಸುರುಳಿಯಾಕಾರದ ದೀಪ ಹೊತ್ತಿ, ಅದು ಆರಿದ ಮೇಲೆ ಎಂಜಿನು ಚಾಲೂ ಮಾಡಬೇಕು. ಎಂಜಿನು ಹೊತ್ತಿಕೊಳ್ಳದಿದ್ದರೆ ಈಥರ್ ತುಂಬಿದ ಸ್ಪ್ರೇಯನ್ನು ಗಾಳಿಕೊಳವೆಗೆ ಹಾಕುವ ಹಳೆಯ ಅಭ್ಯಾಸ ಗ್ಲೋ ಪ್ಲಗ್ಗಿರುವ ಎಂಜಿನಿನಲ್ಲಿ ಸ್ಫೋಟಕ್ಕೆ ದಾರಿ. ಅದನ್ನು ಎಂದೂ ಮಾಡಕೂಡದು.

ಎರಡನೆಯದು, ಇಂದಿನ ಎಂಜಿನುಗಳಲ್ಲಿ ಇಂಧನದ ಒತ್ತಡ 1,600 ಬಾರ್ ಮೀರುತ್ತದೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಅಲ್ಲಿಂದ ಚಿಮ್ಮುವ ಡೀಸೆಲ್ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಇಳಿಯಬಲ್ಲುದು. ಹೊರಗೆ ಕಾಣುವುದು ಸೂಜಿ ಚುಚ್ಚಿದಂತಹ ಗುರುತು ಮಾತ್ರ; ಒಳಗೆ ಅಂಗಾಂಶ ಸಾಯತೊಡಗಿರುತ್ತದೆ. ಎಂಜಿನು ನಡೆಯುತ್ತಿರುವಾಗ ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ಇಂತಹ ಗಾಯವಾದರೆ ನೋವಿಲ್ಲವೆಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಇಂಧನ ತುಂಬುವಾಗ

ಡೀಸೆಲ್ ಪಂಪಿನ ಹಿಡಿ ಸಾಮಾನ್ಯವಾಗಿ ಹಸಿರು. ಆದರೆ ಶಿಕಾಗೋ ಸೀಮೆಯಲ್ಲಿ ಬಹಳವಾಗಿ ಕಾಣುವ ಬಿ.ಪಿ. ಬಂಕುಗಳಲ್ಲಿ ಪೆಟ್ರೋಲಿನ ಹಿಡಿಯೇ ಹಸಿರು. ಬಣ್ಣವನ್ನು ನಂಬದೆ ಬರಹವನ್ನು ಓದಬೇಕು. ಡೀಸೆಲ್ ನಳಿಗೆ ಅಗಲವಾಗಿರುವುದರಿಂದ ಪೆಟ್ರೋಲ್ ಕಾರಿನೊಳಗೆ ಹೋಗದು. ಪೆಟ್ರೋಲಿನ ತೆಳು ನಳಿಗೆ ಮಾತ್ರ ಡೀಸೆಲ್ ವ್ಯಾನಿನ ಬಾಯಿಯೊಳಗೆ ಸಲೀಸಾಗಿ ಹೋಗಬಹುದು. ತಪ್ಪಾಯಿತೆಂದು ತಿಳಿದ ಕ್ಷಣವೇ ನಿಲ್ಲಿಸಿ, ಕೀಲಿಯನ್ನು ಮುಟ್ಟದೆ, ವಾಹನವನ್ನು ಎಳೆಸಿಕೊಂಡು ಹೋಗಬೇಕು. ಕೀಲಿ ತಿರುಗಿಸಿದರೆ ಸಾಕು, ವಿದ್ಯುತ್ ಪಂಪು ಆ ಇಂಧನವನ್ನು ಮುಂದಕ್ಕೆ ತಳ್ಳುತ್ತದೆ. ಜಿಡ್ಡಿಲ್ಲದ ಪೆಟ್ರೋಲ್ ಅಧಿಕ ಒತ್ತಡದ ಪಂಪನ್ನು ಸವೆಸಿ, ಲೋಹದ ಪುಡಿಯನ್ನು ಇಂಜೆಕ್ಟರುಗಳವರೆಗೆ ಹರಡುತ್ತದೆ. ತೊಟ್ಟಿಯನ್ನು ಖಾಲಿ ಮಾಡಿಸುವ ಖರ್ಚಿಗೂ ಇಡೀ ಇಂಧನ ವ್ಯವಸ್ಥೆಯನ್ನು ಬದಲಿಸುವ ಖರ್ಚಿಗೂ ಅಜಗಜಾಂತರವಿದೆ.

ಕೆಂಪು ಬಣ್ಣ ಹಾಕಿದ ಡೀಸೆಲ್ ಹೊಲದ ಯಂತ್ರಗಳಿಗೆ ಮೀಸಲು. ತೆರಿಗೆಯಿಲ್ಲದ ಆ ಇಂಧನವನ್ನು ರಸ್ತೆಯ ವಾಹನಕ್ಕೆ ಬಳಸಿದರೆ 1,000 ಡಾಲರ್ ಅಥವಾ ಗ್ಯಾಲನ್ನಿಗೆ 10 ಡಾಲರ್, ಇವುಗಳಲ್ಲಿ ಹೆಚ್ಚಿನ ಮೊತ್ತ ದಂಡ.

ಇಲಿನಾಯ್ ಸೋಯಾ ಬೆಳೆಯ ರಾಜ್ಯ. ತೆರಿಗೆ ವಿನಾಯಿತಿಯ ಕಾರಣ ಅಲ್ಲಿ ಬಯೋಡೀಸೆಲ್ ಬೆರೆತ ಇಂಧನವೇ ಸಾಮಾನ್ಯ. ಶೇ. 5ಕ್ಕಿಂತ ಹೆಚ್ಚು ಬೆರೆಸಿದ್ದರೆ ಪಂಪಿನ ಮೇಲೆ ನೀಲಿ ಚೀಟಿ ಇರಬೇಕೆಂಬುದು ನಿಯಮ. ಹಲವು ವ್ಯಾನುಗಳ ಎಂಜಿನುಗಳಿಗೆ ತಯಾರಕರು ಶೇ. 5ರ ಮಿತಿಯನ್ನೇ ಹೇಳಿದ್ದಾರೆ. ಕೈಪಿಡಿಯ ಮಿತಿಯನ್ನೂ ಪಂಪಿನ ಚೀಟಿಯನ್ನೂ ತಾಳೆನೋಡುವುದು ಚಾಲಕನ ಹೊಣೆ. ಹೆಚ್ಚಿನ ಮಿಶ್ರಣ ಅನಿವಾರ್ಯವಾದಲ್ಲಿ ಎಂಜಿನ್ ಆಯಿಲನ್ನೂ ಇಂಧನ ಶೋಧಕವನ್ನೂ ಬೇಗ ಬೇಗ ಬದಲಿಸಬೇಕು.

ಚಳಿಗಾಲ

2019ರ ಜನವರಿ 30ರಂದು ಶಿಕಾಗೋದಲ್ಲಿ ಉಷ್ಣಾಂಶ ಸೊನ್ನೆಗಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಎಂದರೆ ಸೊನ್ನೆಗಿಂತ 31 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಇಂತಹ ಚಳಿಯಲ್ಲಿ ಡೀಸೆಲ್‌ನೊಳಗಿನ ಮೇಣ ಹರಳುಗಟ್ಟುತ್ತದೆ. ಮೊದಲು ಇಂಧನ ಮಬ್ಬಾಗುತ್ತದೆ, ಬಳಿಕ ಶೋಧಕ ಕಟ್ಟಿಕೊಳ್ಳುತ್ತದೆ, ಕೊನೆಗೆ ಎಂಜಿನು ನಡುದಾರಿಯಲ್ಲಿ ನಿಲ್ಲುತ್ತದೆ. ಚಳಿಗಾಲದಲ್ಲಿ ಸ್ಥಳೀಯ ಬಂಕುಗಳು ಇಂಧನವನ್ನು ಹವೆಗೆ ಹೊಂದಿಸಿಯೇ ಮಾರುತ್ತವೆ. ಅಪಾಯ ಇರುವುದು ದಕ್ಷಿಣದ ರಾಜ್ಯಗಳಲ್ಲಿ ತುಂಬಿಸಿದ ತೊಟ್ಟಿಯೊಡನೆ ಉತ್ತರಕ್ಕೆ ಬರುವವರಿಗೆ, ಮತ್ತು ಶರತ್ಕಾಲದಲ್ಲಿ ತುಂಬಿಸಿ ವ್ಯಾನನ್ನು ವಾರಗಟ್ಟಲೆ ನಿಲ್ಲಿಸಿದವರಿಗೆ. ಮೇಣಗಟ್ಟುವಿಕೆಯನ್ನು ತಡೆಯುವ ದ್ರವವನ್ನು ಇಂಧನ ಮಬ್ಬಾಗುವ ಮೊದಲೇ ಬೆರೆಸಬೇಕು. ಹೆಪ್ಪುಗಟ್ಟಿದ ಮೇಲೆ ಬೆರೆಸಿದರೆ ಪ್ರಯೋಜನವಿಲ್ಲ. ತೊಟ್ಟಿಯನ್ನು ಅರ್ಧಕ್ಕಿಂತ ಕೆಳಗೆ ಬಿಡದಿದ್ದರೆ ಒಳಗಿನ ತೇವ ನೀರಾಗಿ ಇಳಿಯುವುದು ಕಡಿಮೆಯಾಗುತ್ತದೆ. ಶೋಧಕದ ತಳದಲ್ಲಿ ನೀರು ಬಸಿಯುವ ತಿರುಪು ಇದ್ದರೆ ಚಳಿಗೆ ಮುನ್ನ ಬಸಿದುಬಿಡಬೇಕು.

ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಕುಸಿಯುತ್ತದೆ. ಎಂಜಿನ್ ಆಯಿಲ್ ದಪ್ಪವಾಗಿ, ತಿರುಗಿಸಲು ಬೇಕಾದ ಶಕ್ತಿ ಮಾತ್ರ ಹೆಚ್ಚುತ್ತದೆ. ಮನೆಯ ವಿದ್ಯುತ್ತಿಗೆ ಜೋಡಿಸುವ ಬ್ಲಾಕ್ ಹೀಟರನ್ನು ಹೊರಡುವ ಕೆಲವು ಗಂಟೆ ಮೊದಲು ಹಚ್ಚಿದರೆ ಎರಡೂ ತೊಂದರೆಗಳು ತಗ್ಗುತ್ತವೆ. ವ್ಯಾನನ್ನು ಬಿಸಿ ಮಾಡಲೆಂದು ಮನೆಗೆ ಅಂಟಿದ ಗ್ಯಾರೇಜಿನೊಳಗೆ ಎಂಜಿನು ಚಾಲೂ ಇಡುವುದು, ಬಾಗಿಲು ತೆರೆದಿದ್ದರೂ, ಪ್ರಾಣಾಪಾಯಕರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಹೊಗೆಯ ಶುದ್ಧೀಕರಣ

ಕರ್ನಾಟಕದ ಬಸ್ಸು, ಲಾರಿಗಳ ನೆನಪಿರುವವರಿಗೆ ಬೆಳಗಿನ ಹೊತ್ತು ಎಂಜಿನನ್ನು ಬಹಳ ಹೊತ್ತು ನಿಂತಲ್ಲೇ ಓಡಿಸುವುದು ಗಾಡಿಯ ಆರೈಕೆಯೆಂದೇ ಅನ್ನಿಸುತ್ತದೆ. ಇಂದಿನ ವ್ಯಾನಿಗೆ ಅದೇ ಹಾನಿ. 2007ರ ನಿಯಮಗಳೊಡನೆ ಮಸಿ ಹಿಡಿಯುವ ಶೋಧಕವೂ, 2010ರ ನಿಯಮಗಳೊಡನೆ ಸಾರಜನಕದ ಆಕ್ಸೈಡುಗಳನ್ನು ಕಳೆಯುವ ವ್ಯವಸ್ಥೆಯೂ ಇಂತಹ ವಾಹನಗಳಿಗೆ ಬಂದವು. ಶೋಧಕದಲ್ಲಿ ಕೂಡಿದ ಮಸಿಯನ್ನು ವಾಹನವೇ ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಹಾಕುತ್ತದೆ. ಇದಕ್ಕೆ ಹೆದ್ದಾರಿಯ ವೇಗದಲ್ಲಿ ಅರ್ಧ ಗಂಟೆಯಷ್ಟು ಎಡೆಬಿಡದ ಓಟ ಬೇಕು. ನಿಂತಲ್ಲೇ ಓಡುವ ಎಂಜಿನು ಮಸಿಯನ್ನು ಹುಟ್ಟಿಸುತ್ತದೆಯೇ ಹೊರತು ಸುಡುವಷ್ಟು ಬಿಸಿಯಾಗದು. ಆದ್ದರಿಂದ ಊರೊಳಗೇ ಓಡಾಡುವ ವ್ಯಾನನ್ನು ವಾರಕ್ಕೊಮ್ಮೆಯಾದರೂ ಹೆದ್ದಾರಿಗೆ ಒಯ್ಯಬೇಕು. ಸುಡುವಿಕೆ ನಡೆದ ಕೂಡಲೇ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಎಂಜಿನ್ ಆಯಿಲ್ ಕೂಡ ಕಡಿಮೆ ಬೂದಿ ಬಿಡುವ, ತಯಾರಕರು ಸೂಚಿಸಿದ ದರ್ಜೆಯದೇ ಆಗಬೇಕು; ಬೂದಿಯನ್ನು ಶೋಧಕ ಸುಡಲಾರದು.

ಡಿ.ಇ.ಎಫ್. ಎಂದು ಕರೆಯುವ ದ್ರವದಲ್ಲಿ ಶೇ. 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಸೊನ್ನೆಗಿಂತ 11 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ. ವಾಹನದ ತೊಟ್ಟಿಗೆ ಹೀಟರಿರುವುದರಿಂದ ಇದರಿಂದ ಗಾಬರಿಯಿಲ್ಲ. ಗ್ಯಾರೇಜಿನಲ್ಲಿಟ್ಟ ಡಬ್ಬ ಮಾತ್ರ ಹಿಗ್ಗಿ ಒಡೆಯಬಹುದು. ತುಂಬುವ ಬಾಯಿಯ ಮುಚ್ಚಳ ನೀಲಿ. ಈ ದ್ರವವನ್ನು ಡೀಸೆಲ್ ತೊಟ್ಟಿಗೆ ಸುರಿದರೆ ಆಗುವ ಹಾನಿ ಪೆಟ್ರೋಲ್ ಸುರಿದುದಕ್ಕಿಂತಲೂ ದೊಡ್ಡದು. ದ್ರವ ಮುಗಿಯುತ್ತ ಬಂದರೆ, ಅಥವಾ ವ್ಯವಸ್ಥೆಯಲ್ಲಿ ದೋಷ ಕಂಡರೆ, ಸ್ಪ್ರಿಂಟರಿನಂತಹ ವ್ಯಾನುಗಳು ಇನ್ನು ಎಷ್ಟು ಸಲ ಎಂಜಿನು ಚಾಲೂ ಆಗುವುದೆಂದು ಎಣಿಕೆ ತೋರಿಸುತ್ತವೆ. ಆ ಎಣಿಕೆಯನ್ನು ಕಡೆಗಣಿಸಿ ಸರಕು ಹೇರಿಕೊಂಡು ದೂರ ಹೊರಡುವುದು ಅವಿವೇಕ. ಈ ಸಾಧನಗಳನ್ನೇ ಕಿತ್ತುಹಾಕಿಸುವ ಸಲಹೆ ಕೆಲವೆಡೆ ಕೇಳಿಬರುತ್ತದೆ. ಶುದ್ಧ ವಾಯು ಕಾಯಿದೆ ಅದನ್ನು ನಿಷೇಧಿಸಿದೆ.

ಭಾರ

ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ವಾಹನದ ಒಟ್ಟು ತೂಕದ ಮಿತಿ ಬರೆದಿರುತ್ತದೆ. ಖಾಲಿ ವ್ಯಾನಿನ ತೂಕವನ್ನು ಅದರಿಂದ ಕಳೆದರೆ ಉಳಿದುದರಲ್ಲಿ ಸರಕಷ್ಟೇ ಅಲ್ಲ, ಕುಳಿತವರ ತೂಕವೂ ಸೇರುತ್ತದೆ. ಸ್ಥಳವಿದೆಯೆಂದು ತುಂಬಿದರೆ ತೂಕ ಮೀರುವುದು ಸುಲಭ: 40 ಪೌಂಡಿನ 50 ಅಕ್ಕಿ ಚೀಲಗಳೆಂದರೆ 2,000 ಪೌಂಡು. ಭಾರದ ವಸ್ತುಗಳು ತಳದಲ್ಲಿ, ಹಿಂದಿನ ಅಚ್ಚಿಗಿಂತ ಮುಂದೆ, ಎಡಬಲ ಸಮನಾಗಿ ಇರಬೇಕು. ನೆಲದ ಉಂಗುರಗಳಿಗೆ ಪಟ್ಟಿಯಿಂದ ಬಿಗಿದಿರಬೇಕು. 40 ಲೀಟರಿನ ಸಾರಿನ ಪಾತ್ರೆ 40 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ; ಗಂಟೆಗೆ 60 ಮೈಲಿ ವೇಗದಲ್ಲಿ ಬ್ರೇಕು ಹಾಕಿದಾಗ ಅದು ಚಾಲಕನ ಬೆನ್ನಿಗೆ ಬಂದು ಬಡಿಯುವ ಬಂಡೆ, ಜೊತೆಗೆ ಸುಡುವ ದ್ರವ. ಚಾಲಕನ ಹಿಂದೆ ಗಟ್ಟಿ ತಡೆಗೋಡೆ ಇರುವುದು ಒಳಿತು. ಅನಿಲದ ಸಿಲಿಂಡರುಗಳನ್ನು ಮುಚ್ಚಿದ ವ್ಯಾನಿನಲ್ಲಿ ಒಯ್ಯದಿರುವುದೇ ಲೇಸು. ಎಷ್ಟೇ ಹತ್ತಿರದ ಸಭಾಂಗಣವಾದರೂ ಸರಕಿನ ನಡುವೆ ಮಕ್ಕಳನ್ನಾಗಲಿ ಹಿರಿಯರನ್ನಾಗಲಿ ಕೂರಿಸಕೂಡದು; ಅಲ್ಲಿ ಆಸನವಿಲ್ಲ, ಬೆಲ್ಟಿಲ್ಲ.

ರಸ್ತೆಯಲ್ಲಿ

ಮಿಷಿಗನ್ ಸರೋವರದ ಮೇಲಿಂದ ಬೀಸುವ ತಂಪು ಗಾಳಿ ತೇವ ಹೀರಿಕೊಂಡು ಪೂರ್ವ ದಡದಲ್ಲಿ ಹಿಮವಾಗಿ ಸುರಿಯುತ್ತದೆ. ಹತ್ತು ನಿಮಿಷದಲ್ಲಿ ಬಿಸಿಲು ಹೋಗಿ ಬಿಳಿಗತ್ತಲೆ ಕವಿಯಬಹುದು. 2015ರ ಜನವರಿ 9ರಂದು ಮಿಷಿಗನ್‌ನ ಕಲಮಜೂ ಜಿಲ್ಲೆಯಲ್ಲಿ ಇದೇ ಐ-94ರಲ್ಲಿ 190ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಪಟಾಕಿ ತುಂಬಿದ್ದ ಲಾರಿ ಉರಿಯಿತು, ಒಬ್ಬರು ಸತ್ತರು. ವಾಹನದ ಪ್ರತಿ 10 ಅಡಿ ಉದ್ದಕ್ಕೆ ಒಂದು ಸೆಕೆಂಡು, ಗಂಟೆಗೆ 40 ಮೈಲಿ ಮೀರಿದರೆ ಇನ್ನೊಂದು ಸೆಕೆಂಡು ಅಂತರ ಬಿಡಬೇಕೆಂಬುದು ಸರಕು ವಾಹನಗಳಿಗೆ ಹೇಳುವ ಸೂತ್ರ. ಹಿಮದಲ್ಲಿ ಅದನ್ನು ಇಮ್ಮಡಿ ಮಾಡಿದರೂ ಹೆಚ್ಚಲ್ಲ. ಮುಂದೇನೂ ಕಾಣದಂತಾದರೆ ಹೆದ್ದಾರಿಯಿಂದ ಇಳಿದು ಕಾಯುವುದೇ ಸರಿ. ತಡವಾದ ಸರಕಿಗೆ ಕ್ಷಮೆಯಿದೆ.

ಎತ್ತರದ ವ್ಯಾನು ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಶಿಕಾಗೋ ಸ್ಕೈವೇಯಂತಹ ಎತ್ತರದ ಸೇತುವೆಗಳಲ್ಲಿ, ಖಾಲಿಯಾಗಿ ಹೋಗುವಾಗ ವಿಶೇಷವಾಗಿ, ವೇಗ ತಗ್ಗಿಸಬೇಕು. ಎತ್ತರದ ಚಾವಣಿಯ ವ್ಯಾನು ಸುಮಾರು 9 ಅಡಿ. ನಗರದ ಹಲವು ಪಾರ್ಕಿಂಗ್ ಕಟ್ಟಡಗಳ ಬಾಗಿಲು 7 ಅಡಿಯೊಳಗೆ. ತನ್ನ ವ್ಯಾನಿನ ಎತ್ತರವನ್ನು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಶಿಕಾಗೋದ ಲೇಕ್ ಶೋರ್ ಡ್ರೈವ್‌ನಲ್ಲಿ ಸರಕು ವಾಹನಗಳಿಗೆ ಪ್ರವೇಶವಿಲ್ಲ. ಹಿಂಬದಿಯ ಕಿಟಕಿಯಿಲ್ಲದ ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಕ್ಯಾಮರಾ ಇದ್ದರೂ ಒಬ್ಬರು ಇಳಿದು ನೋಡುವುದು ಉತ್ತಮ. ಕ್ಯಾಮರಾದ ಕಣ್ಣು ಉಪ್ಪು, ಕೆಸರಿನಿಂದ ಮುಚ್ಚಿರುವುದೇ ಹೆಚ್ಚು.

ಉಪ್ಪು

ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,100 ಅಡಿ ಆಳದಲ್ಲಿ, ಉಪ್ಪಿನ ಗಣಿಯಿದೆ. ಅಲ್ಲಿಂದ ಬರುವ ಉಪ್ಪು ಚಳಿಗಾಲದ ರಸ್ತೆಗಳನ್ನು ಕಾಯುತ್ತದೆ, ವಾಹನಗಳ ತಳವನ್ನು ತಿನ್ನುತ್ತದೆ. ಹಿಮ ಕರಗಿದ ಪ್ರತಿ ಬಿಡುವಿನಲ್ಲಿ ತಳಭಾಗವನ್ನು ನೀರಿನಿಂದ ತೊಳೆಸಬೇಕು. ಬ್ರೇಕಿನ ಉಕ್ಕಿನ ಕೊಳವೆ, ಇಂಧನದ ಕೊಳವೆ, ಸ್ಪ್ರಿಂಗುಗಳ ನೆಲೆ, ಜಾರುವ ಬಾಗಿಲಿನ ಕೆಳದಂಡೆ ಇವನ್ನು ವಸಂತದಲ್ಲಿ ಪರೀಕ್ಷಿಸಬೇಕು. ಹಳೆಯ ವ್ಯಾನು ಕೊಳ್ಳುವವರು ಮೇಲಿನ ಬಣ್ಣವನ್ನಲ್ಲ, ತಳವನ್ನು ನೋಡಿ ಬೆಲೆ ಕಟ್ಟಬೇಕು.

ಕಾನೂನು

ಒಟ್ಟು ತೂಕದ ಮಿತಿ 10,001 ಪೌಂಡು ಅಥವಾ ಹೆಚ್ಚಿರುವ ವಾಹನವನ್ನು ವ್ಯಾಪಾರಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಓಡಿಸಿದರೆ ಒಕ್ಕೂಟ ಸರಕಾರದ ನಿಯಮಗಳು ಅನ್ವಯಿಸುತ್ತವೆ: ನೋಂದಣಿ ಸಂಖ್ಯೆ, ಚಾಲಕನ ವೈದ್ಯಕೀಯ ಪ್ರಮಾಣಪತ್ರ, ದಿನಕ್ಕೆ 11 ಗಂಟೆಗಳ ಚಾಲನೆಯ ಮಿತಿ. ಸ್ಪ್ರಿಂಟರ್ 2500 ಈ ಗೆರೆಯೊಳಗೆ ಉಳಿದರೆ, 3500ರ ಹಲವು ಮಾದರಿಗಳು 11,000 ಪೌಂಡನ್ನು ದಾಟುತ್ತವೆ. ಶಿಕಾಗೋದಿಂದ ಡೆಟ್ರಾಯಿಟಿಗೆ ಹೋಗುವವನು ಇಂಡಿಯಾನಾ ಸೇರಿ ಮೂರು ರಾಜ್ಯಗಳನ್ನು ಮುಟ್ಟುತ್ತಾನೆಂಬುದನ್ನು ಮರೆಯಬಾರದು. ಇಲಿನಾಯ್‌ನಲ್ಲಿ 8,000 ಪೌಂಡಿಗಿಂತ ಹೆಚ್ಚಿನ ತೂಕಕ್ಕೆ ನೋಂದಾಯಿಸಿದ ಸರಕು ವಾಹನಗಳಿಗೆ ಆರು ತಿಂಗಳಿಗೊಮ್ಮೆ ಸುರಕ್ಷತಾ ತಪಾಸಣೆ ಕಡ್ಡಾಯ. ಡೀಸೆಲ್ ವಾಹನವನ್ನು ಶಿಕಾಗೋ ನಗರದಲ್ಲಿ ಗಂಟೆಗೆ 3 ನಿಮಿಷಕ್ಕಿಂತ ಹೆಚ್ಚು ನಿಂತಲ್ಲೇ ಓಡಿಸುವಂತಿಲ್ಲ. ಡೆಟ್ರಾಯಿಟ್‌ನಲ್ಲಿ 8,500 ಪೌಂಡು ಮೀರಿದ ವಾಣಿಜ್ಯ ವಾಹನಕ್ಕೆ 5 ನಿಮಿಷ. ಸ್ವಂತ ಕಾರಿನ ವಿಮೆ ಬಾಡಿಗೆ ಸಾಗಣೆಗೆ ಸಾಮಾನ್ಯವಾಗಿ ರಕ್ಷಣೆ ನೀಡದು; ಸಂಘದ ಕೆಲಸಕ್ಕೆ ವ್ಯಾನು ಎರವಲು ಪಡೆಯುವವರೂ ವಿಮೆಯ ಪತ್ರವನ್ನು ಓದಿಯೇ ಕೀಲಿ ತೆಗೆದುಕೊಳ್ಳಬೇಕು.

ದಿನದ ನೋಟ

ಹೊರಡುವ ಮುನ್ನ ಐದು ನಿಮಿಷ ವ್ಯಾನಿನ ಸುತ್ತ ನಡೆಯುವುದು ಎಲ್ಲ ಪಾಲನೆಯ ತಳಹದಿ. ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ, ದೀಪಗಳೆಲ್ಲ ಉರಿಯುತ್ತಿವೆಯೇ, ಚಕ್ರದ ನಟ್ಟುಗಳ ಸುತ್ತ ತುಕ್ಕಿನ ಗೆರೆ ಮೂಡಿದೆಯೇ ಎಂದು ನೋಡಬೇಕು. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆ ಟಯರಿನ ಒತ್ತಡ ಸುಮಾರು 1 ಪೌಂಡು ಇಳಿಯುತ್ತದೆ, ಮಾಪಕದಿಂದಲೇ ಅಳೆಯಬೇಕು. ಚಾವಣಿಯ ಮೇಲಿನ ಹಿಮವನ್ನು ಪೂರ್ತಿ ಕೆಡವಬೇಕು, ಅದು ಹಾರಿದರೆ ಹಿಂದಿನವರ ಗಾಜಿಗೆ ಬೀಳುತ್ತದೆ. ಒಳಗೆ ಕಂಬಳಿ, ಟಾರ್ಚು, ಸಲಿಕೆ, ಕುಡಿಯುವ ನೀರು, ಬ್ಯಾಟರಿ ಜೋಡಿಸುವ ತಂತಿ, ಪ್ರತಿಫಲಿಸುವ ತ್ರಿಕೋನಗಳು, ಬೆಂಕಿ ಆರಿಸುವ ಸಿಲಿಂಡರು ಇರಬೇಕು. ಒಂದು ಪುಸ್ತಕದಲ್ಲಿ ಎಂಜಿನ್ ಆಯಿಲ್, ಶೋಧಕ, ಡಿ.ಇ.ಎಫ್. ಹಾಕಿದ ದಿನ ಮತ್ತು ಮೈಲಿಗಳನ್ನು ಬರೆದಿಡಬೇಕು. ಒಂದೇ ವ್ಯಾನನ್ನು ಹಲವರು ಓಡಿಸುವ ಅಂಗಡಿಯಲ್ಲಿ, ಸಂಘದಲ್ಲಿ ಆ ಪುಸ್ತಕವೇ ಒಬ್ಬ ಚಾಲಕ ಕಂಡ ದೋಷವನ್ನು ಮುಂದಿನವನಿಗೆ ತಿಳಿಸುವ ಸಾಧನ.